ಮೆದು ನೀರು, ಮಳೆ, ಕರೆಂಟು: ಮಲೆನಾಡಿನ ಮನೆಯಲ್ಲಿ ಅಕ್ವೇರಿಯಂ ಫಿಲ್ಟರ್

ಭಾನುವಾರ ಬೆಳಿಗ್ಗೆ ಫಿಲ್ಟರ್ ಬಿಚ್ಚಿ, ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು, ಕಂದು ನೀರು ಪೂರ್ತಿ ಹೋಗುವ ತನಕ ಹಿಂಡಿ ಹಿಂಡಿ ಹೊಸದರ ಹಾಗೆ ಮಾಡಿ ಕೂರಿಸುತ್ತಾರೆ. ಬುಧವಾರದ ಹೊತ್ತಿಗೆ ಟ್ಯಾಂಕಿನ ನೀರು ಅಕ್ಕಚ್ಚಿನ ಹಾಗೆ ಬೆಳ್ಳಗಾಗಿರುತ್ತದೆ, ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿರುತ್ತವೆ. ಆಗ ನೀರೆಲ್ಲ ಚೆಲ್ಲಿ ಹೊಸದು ತುಂಬುವವರು ಕೆಲವರು, ಪೇಟೆಗೆ ಹೋಗಿ ಇನ್ನೂ ದೊಡ್ಡ ಫಿಲ್ಟರ್ ತರುವವರು ಕೆಲವರು. ಮೊದಲಿನವರ ತೊಂದರೆ ಹೆಚ್ಚುತ್ತದೆ, ಎರಡನೆಯವರ ದುಡ್ಡು ಹೋಗುತ್ತದೆ. ಮೋಟರು ಚೆನ್ನಾಗಿಯೇ ಓಡುತ್ತಿತ್ತು. ಸತ್ತಿದ್ದು ಸ್ಪಾಂಜಿನೊಳಗಿದ್ದ ಜೀವ.

ಫಿಲ್ಟರ್ ಕಸ ಹಿಡಿಯುತ್ತದೆ ಎನ್ನುವುದು ಕಣ್ಣಿಗೆ ಕಾಣುವ ಕೆಲಸ. ಮೀನು ಉಳಿಯುವುದು ಕಾಣದ ಇನ್ನೊಂದು ಕೆಲಸದಿಂದ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದು ಕೊಳೆತ ಕಾಳಿನಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದು ಮೀನಿಗೆ ವಿಷ. ಸ್ಪಾಂಜು, ಸೆರಾಮಿಕ್ ರಿಂಗು, ಟ್ಯಾಂಕಿನ ಕಲ್ಲುಗಳಿಗೆ ಅಂಟಿಕೊಂಡು ಬದುಕುವ ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟೂ ವಿಷವೇ, ರಕ್ತ ಆಮ್ಲಜನಕ ಹೊರುವುದನ್ನೇ ತಡೆಯುತ್ತದೆ. ನೈಟ್ರೇಟ್ ಮಾತ್ರ ಸ್ವಲ್ಪ ಸಾಧು, ಲೀಟರಿಗೆ 40 ಮಿಲಿಗ್ರಾಂ ಒಳಗಿದ್ದರೆ ಸಾಮಾನ್ಯ ಮೀನುಗಳು ತಡೆದುಕೊಳ್ಳುತ್ತವೆ. ಅದನ್ನು ತೆಗೆಯುವುದು ನೀರು ಬದಲಿಸುವುದರಿಂದ ಮತ್ತು ಗಿಡಗಳಿಂದ.

ಈ ಬ್ಯಾಕ್ಟೀರಿಯಾ ನಿಧಾನದ ಜೀವಿಗಳು. ಹಾಲು ಹುಳಿಯಾಗಿಸುವಂಥವು ಗಂಟೆಯೊಳಗೆ ದುಪ್ಪಟ್ಟಾದರೆ, ಇವು ದುಪ್ಪಟ್ಟಾಗಲು ಹೆಚ್ಚುಕಮ್ಮಿ ಒಂದು ದಿನ ಬೇಕು. ಹಾಗಾಗಿಯೇ ಹೊಸ ಟ್ಯಾಂಕು ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಸ್ಪಾಂಜಿನ ಕಂದು ಲೋಳೆಯನ್ನು ಮೊಸರಿನ ಹೆಪ್ಪು ಎಂದುಕೊಳ್ಳಿ. ಪಾತ್ರೆ ತಿಕ್ಕುವ ಭರದಲ್ಲಿ ಹೆಪ್ಪನ್ನೂ ತೊಳೆದುಬಿಟ್ಟರೆ ಮರುದಿನ ಮೊಸರಿಲ್ಲ. ಹೊಸ ಫಿಲ್ಟರ್ ತಂದಾಗಲೂ ಇದೇ ನೆನಪಿರಲಿ: ಗೊತ್ತಿದ್ದವರ ಮನೆಯ ರೋಗವಿಲ್ಲದ ಟ್ಯಾಂಕಿನಿಂದ ಹಳೆಯ ಸ್ಪಾಂಜಿನ ಒಂದು ತುಂಡು, ಒಂದು ಹಿಡಿ ರಿಂಗು ತಂದು ಒಳಗೆ ಹಾಕಿದರೆ ಆರು ವಾರದ ಕೆಲಸ ಎಷ್ಟೋ ಬೇಗ ಮುಗಿಯುತ್ತದೆ. ತರುವಾಗ ಒದ್ದೆಯಾಗಿಯೇ ಇರಬೇಕು.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಮಂಡಕ್ಕಿ ತಿನ್ನುವ ಅಷ್ಟೊಂದು ಮೀನಿಗೆ ಯಾವ ಫಿಲ್ಟರ್ ಇದೆ ಎಂದು ಮಕ್ಕಳು ಕೇಳುವುದುಂಟು. ಅಲ್ಲಿ ನದಿಯ ಪ್ರತಿ ಕಲ್ಲೂ ಫಿಲ್ಟರೇ, ನೀರು ಕ್ಷಣ ಕ್ಷಣ ಬದಲಾಗುತ್ತದೆ. ಎರಡಡಿ ಗಾಜಿನ ಪೆಟ್ಟಿಗೆಯಲ್ಲಿ ಆ ಕಲ್ಲುಗಳ ಕೆಲಸವನ್ನೆಲ್ಲ ಒಂದು ಮುಷ್ಟಿ ಸ್ಪಾಂಜು ಮಾಡಬೇಕು.

ಎಷ್ಟು ದೊಡ್ಡದು ಬೇಕು

ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಅಡಿ ಲೆಕ್ಕ ಬೇಕಾದರೆ ಒಂದು ಘನ ಅಡಿಗೆ 28 ಲೀಟರ್. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು 56 ಲೀಟರ್. ಜಲ್ಲಿಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45–50. ಗಂಟೆಗೆ ನಾಲ್ಕರಿಂದ ಆರು ಸಲ ಆ ನೀರು ಫಿಲ್ಟರಿನಲ್ಲಿ ಸುತ್ತಿದರೆ ಸಾಕು, ಅಂದರೆ 200–300 ಲೀಟರ್.

ಡಬ್ಬಿಯ ಮೇಲೆ ಬರೆದ ಅಂಕಿಯನ್ನು ಮಾತ್ರ ನಂಬಬೇಡಿ. ಅದು ಸ್ಪಾಂಜು ಇಲ್ಲದೆ, ನೀರನ್ನು ಮೇಲೆತ್ತದೆ, ಖಾಲಿ ಮೋಟರು ತಳ್ಳುವ ಲೆಕ್ಕ. ನಿಜ ತಿಳಿಯಲು ಹೊರಬರುವ ನೀರಿಗೆ ಲೀಟರ್ ಅಳತೆಯ ಪಾತ್ರೆ ಹಿಡಿದು ಎಷ್ಟು ಸೆಕೆಂಡಿಗೆ ತುಂಬಿತು ನೋಡಿ, 3600ನ್ನು ಆ ಸೆಕೆಂಡಿನಿಂದ ಭಾಗಿಸಿ. 12 ಸೆಕೆಂಡ್ ಆದರೆ ಗಂಟೆಗೆ 300 ಲೀಟರ್. ಫಿಲ್ಟರ್ ಹೊಸದಾಗಿದ್ದಾಗ ಬಂದ ಅಂಕಿಯನ್ನು ಪೆನ್ಸಿಲಿನಲ್ಲಿ ಟ್ಯಾಂಕಿನ ಸ್ಟ್ಯಾಂಡಿನ ಮೇಲೆ ಬರೆದಿಡಿ. ಮುಂದೆ ಯಾವಾಗ ತೊಳೆಯಬೇಕೆಂದು ಹೇಳುವುದು ಕ್ಯಾಲೆಂಡರ್ ಅಲ್ಲ, ಈ ಅಂಕಿ: ಮೂರನೇ ಒಂದು ಭಾಗ ಇಳಿದಿದ್ದರೆ ತೊಳೆಯುವ ಹೊತ್ತು ಬಂದಿದೆ. ನೀರಿನೊಳಗೇ ಮುಳುಗಿರುವ ಇಂಟರ್ನಲ್ ಫಿಲ್ಟರಿಗೆ ಹೀಗೆ ಪಾತ್ರೆ ಹಿಡಿಯಲಾಗದು. ಅಲ್ಲಿ ಹೊರಬರುವ ನೀರಿನ ರಭಸ ಮೇಲ್ಮೈಯನ್ನು ಎಷ್ಟು ದೂರ ಕದಡುತ್ತದೆ ಎಂಬುದನ್ನೇ ಗುರುತಿಟ್ಟುಕೊಳ್ಳಿ.

ತೊಳೆಯುವ ಕ್ರಮ

ಮೊದಲು ಪ್ಲಗ್ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು. ಹೀಟರ್ ಇದ್ದರೆ ಅದರದ್ದನ್ನೂ ಕಿತ್ತು ಹದಿನೈದು ನಿಮಿಷ ಬಿಡಿ. ಬಿಸಿ ಹೀಟರು ನೀರಿನಿಂದ ಹೊರಗೆ ಬಂದರೆ ಗಾಜು ಸೀಳುತ್ತದೆ. ಆಮೇಲೆ ಸೈಫನ್ ಪೈಪಿನಿಂದ ಟ್ಯಾಂಕಿನ ನೀರನ್ನೇ ಒಂದು ಬಕೆಟ್ ತೆಗೆಯಿರಿ, 50 ಲೀಟರಿನ ಟ್ಯಾಂಕಿಗೆ 10–12 ಲೀಟರ್. ವಾರದ ನೀರು ಬದಲಾವಣೆಯೂ ಅದರಲ್ಲೇ ಮುಗಿಯಿತು, ಸ್ಪಾಂಜು ತೊಳೆಯುವ ನೀರೂ ಅದೇ. ನಲ್ಲಿ ನೀರಿನ ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲಿಕ್ಕೆ. ಅದು ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂದು ನೋಡುವುದಿಲ್ಲ.

ಸ್ಪಾಂಜನ್ನು ಆ ಬಕೆಟ್ಟಿನಲ್ಲಿ ಎರಡು ಮೂರು ಸಲ ಹಿಂಡಿ ಬಿಟ್ಟುಬಿಡಿ. ಕೊನೆಯ ಸಲ ಹಿಂಡಿದಾಗ ನೀರು ಇನ್ನೂ ಹಾಲು ಹಾಕದ ಕಣ್ಣ ಚಾ ಬಣ್ಣದಲ್ಲೇ ಇರಬೇಕು, ಅದೇ ಸರಿಯಾದ ಹದ. ರಿಂಗುಗಳನ್ನು ಜಾಳಿಗೆ ಚೀಲದ ಸಮೇತ ಅದ್ದಿ ಅಲ್ಲಾಡಿಸಿದರೆ ಸಾಕು, ಉಜ್ಜುವಂತಿಲ್ಲ. ಬಿಳಿ ಹತ್ತಿಯಂತಹ ಫ್ಲಾಸ್ ಮಾತ್ರ ತೊಳೆಯುವ ವಸ್ತುವಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ಎಸೆದು ಹೊಸದು ಹಾಕಬೇಕು. ಅಗ್ಗದ ದಾರಿ ಹುಡುಕುವವರು ದಿಂಬಿಗೆ ತುಂಬುವ ಪಾಲಿಯೆಸ್ಟರ್ ಬಳಸುತ್ತಾರೆ, ಸುವಾಸನೆ ಅಥವಾ ರಾಸಾಯನಿಕ ಲೇಪ ಇಲ್ಲದಿದ್ದರೆ ಅದೂ ನಡೆಯುತ್ತದೆ. ನಿಜವಾದ ಹತ್ತಿ ಬೇಡ, ನೀರಲ್ಲಿ ಕೊಳೆಯುತ್ತದೆ. ಕಪ್ಪು ಕಾರ್ಬನ್ ಚೀಲ ಮೂರು ನಾಲ್ಕು ವಾರದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ದಿನನಿತ್ಯಕ್ಕೆ ಅದರ ಅಗತ್ಯವೂ ಇಲ್ಲ, ಔಷಧಿ ಹಾಕುವಾಗಂತೂ ತೆಗೆದಿಡಲೇಬೇಕು, ಇಲ್ಲದಿದ್ದರೆ ಔಷಧಿಯನ್ನೇ ಹೀರಿಬಿಡುತ್ತದೆ.

ಫಿಲ್ಟರ್ ತೊಳೆದ ದಿನವೇ ಜಲ್ಲಿ ಕೆದಕಿ, ಅರ್ಧ ನೀರು ಬದಲಿಸಿ, ಅಲಂಕಾರದ ಕಲ್ಲನ್ನೂ ಉಜ್ಜುವುದು ಬಹಳ ಮನೆಗಳ ರೂಢಿ. ಬ್ಯಾಕ್ಟೀರಿಯಾ ಇರುವ ಎಲ್ಲ ಜಾಗವನ್ನೂ ಒಂದೇ ದಿನ ಕದಡಿದ ಹಾಗಾಯಿತು. ಒಂದು ವಾರ ಫಿಲ್ಟರ್, ಮುಂದಿನ ವಾರ ಜಲ್ಲಿ ಎಂದಿಟ್ಟುಕೊಳ್ಳಿ. ಎರಡು ಸ್ಪಾಂಜು ಇರುವ ಫಿಲ್ಟರಾದರೆ ಒಂದು ಸಲಕ್ಕೆ ಒಂದೇ.

ಬಕೆಟ್ಟಿನ ಆ ಕಂದು ನೀರನ್ನು ಬಚ್ಚಲಿಗೆ ಚೆಲ್ಲಬೇಡಿ. ದಾಸವಾಳ, ಮಲ್ಲಿಗೆ ಗಿಡಗಳಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರ ನೀರು ದುಡ್ಡು ಕೊಟ್ಟರೂ ಸಿಗದು. ಉಪ್ಪು ಅಥವಾ ಔಷಧಿ ಹಾಕಿದ್ದರೆ ಬೇಡ.

ನಮ್ಮ ನೀರಿನ ಗುಣ

ಬಯಲುಸೀಮೆಯ ಬೋರ್ ನೀರಿನಲ್ಲಿ ಮೀನು ಸಾಕುವವರ ತಲೆನೋವು ಗಾಜಿನ ಮೇಲೆ ಕಟ್ಟುವ ಬಿಳಿ ಸುಣ್ಣ. ಮಲೆನಾಡಿನದು ಅದರ ತದ್ವಿರುದ್ಧ. ಅಬ್ಬಿ ನೀರು, ಒರತೆ ನೀರು, ಮಳೆಗಾಲದಲ್ಲಿ ತುಂಬಿ ಮೇಲೆ ಬಂದ ತೆರೆದ ಬಾವಿ ನೀರು, ಇವೆಲ್ಲ ಮೊನ್ನೆ ಮೊನ್ನೆ ಮಳೆಯಾಗಿದ್ದ ನೀರು. ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ನೀರಿಗೆ ಅದು ಸೇರುವುದೂ ಇಲ್ಲ. ಹನಿ ಹಾಕಿ ನೋಡುವ ಕಿಟ್ಟಿನಲ್ಲಿ ಕೆಹೆಚ್, ಅಂದರೆ ಕಾರ್ಬೊನೇಟ್ ಗಡಸುತನ, 1 ಅಥವಾ 2 ಡಿಗ್ರಿ ಬಂದರೆ ಆಶ್ಚರ್ಯಪಡಬೇಕಿಲ್ಲ.

ಕುಡಿಯಲು ಈ ನೀರು ಅಮೃತ. ಫಿಲ್ಟರಿಗೆ ಇದರಲ್ಲಿ ಒಂದು ಅಡ್ಡಿಯಿದೆ. ಬ್ಯಾಕ್ಟೀರಿಯಾ ಅಮೋನಿಯಾವನ್ನು ಕರಗಿಸುವಾಗ ಆಮ್ಲ ಹುಟ್ಟುತ್ತದೆ. ಅದನ್ನು ನುಂಗಿಕೊಳ್ಳಲು ನೀರಿನಲ್ಲಿ ಕಾರ್ಬೊನೇಟ್ ಬೇಕು. ಅಮೋನಿಯಾದಲ್ಲಿರುವ ಪ್ರತಿ 1 ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರತೆ, ಅಂದರೆ ಆಮ್ಲ ನುಂಗುವ ಆ ಶಕ್ತಿ, ಖರ್ಚಾಗುತ್ತದೆ. ಮನೆಯ ಲೆಕ್ಕಕ್ಕೆ ಇಳಿಸೋಣ. 50 ಲೀಟರಿನ ಟ್ಯಾಂಕಿಗೆ ದಿನಕ್ಕೆ 1 ಗ್ರಾಂ ಕಾಳು ಹಾಕುತ್ತೀರಿ, ಅದರಲ್ಲಿ 40 ಪ್ರತಿಶತ ಪ್ರೋಟೀನ್. ಆ ಪ್ರೋಟೀನಿನಲ್ಲಿ ಸುಮಾರು 64 ಮಿಲಿಗ್ರಾಂ ಸಾರಜನಕ. ಅರ್ಧ ಮಾತ್ರ ಅಮೋನಿಯಾ ಆಯಿತೆಂದರೂ 32 ಮಿಲಿಗ್ರಾಂ, ಅದಕ್ಕೆ 7 ಪಟ್ಟು ಎಂದರೆ 224 ಮಿಲಿಗ್ರಾಂ ಕ್ಷಾರತೆ. 50 ಲೀಟರಿಗೆ ಹಂಚಿದರೆ ಲೀಟರಿಗೆ ನಾಲ್ಕೂವರೆ ಮಿಲಿಗ್ರಾಂ. ಒಂದು ಡಿಗ್ರಿ ಕೆಹೆಚ್ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಕ್ಷಾರತೆ. ನಾಲ್ಕು ದಿನಕ್ಕೆ ಒಂದು ಡಿಗ್ರಿ ಮುಗಿಯಿತು! 2 ಡಿಗ್ರಿಯ ನೀರು ಎಂಟು ದಿನಕ್ಕೆ ಬರಿದು.

ಕಾರ್ಬೊನೇಟ್ ಮುಗಿದ ಮೇಲೆ ಪಿಹೆಚ್ ಜಾರತೊಡಗುತ್ತದೆ. ಪಿಹೆಚ್ ಎಂದರೆ ನೀರಿನ ಹುಳಿಯ ಅಳತೆ: 7 ಸಮ, ಅದಕ್ಕಿಂತ ಇಳಿದಷ್ಟೂ ಹುಳಿ. 6.5ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾ ಸೋಮಾರಿಯಾಗುತ್ತದೆ, 6ರ ಹತ್ತಿರ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಮೋಟರು ಓಡುತ್ತಿದೆ, ಸ್ಪಾಂಜು ಚೊಕ್ಕಟ, ನೀರು ಗಾಜಿನಷ್ಟು ತಿಳಿ. ಒಳಗೆ ಅಮೋನಿಯಾ ಮಾತ್ರ ಸದ್ದಿಲ್ಲದೆ ಏರುತ್ತಿದೆ. ವರ್ಷಗಟ್ಟಲೆ ಚೆನ್ನಾಗಿದ್ದ ಟ್ಯಾಂಕು ಏಕಾಏಕಿ ಕೆಟ್ಟಿತು ಎನ್ನುವ ದೂರುಗಳಲ್ಲಿ ಇದು ಮೊದಲು ಶಂಕಿಸಬೇಕಾದ ಕಾರಣ.

ವಿಚಿತ್ರವೆಂದರೆ ಆ ಹಂತದಲ್ಲೂ ಮೀನು ಬದುಕಿರುತ್ತದೆ. ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚಿನಂಶ ಅಮೋನಿಯಂ ಎಂಬ ಸೌಮ್ಯ ರೂಪದಲ್ಲಿರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಹೆಚ್ 6 ಇದ್ದರೆ ವಿಷರೂಪದ್ದು ಶೇ 0.06, ಪಿಹೆಚ್ 7 ಆದರೆ ಶೇ 0.6, 8 ಆದರೆ ಶೇ 5ಕ್ಕೂ ಮೇಲೆ. ಒಂದೊಂದು ಮೆಟ್ಟಿಲಿಗೂ ಸರಿಸುಮಾರು ಹತ್ತು ಪಟ್ಟು. ಈ ಟ್ಯಾಂಕಿಗೆ ಯಾರೋ ಒಳ್ಳೆಯ ಮನಸ್ಸಿನಿಂದ ಅರ್ಧಕ್ಕರ್ಧ ಗಡಸು ಬೋರ್ ನೀರು ಸುರಿದರು ಎನ್ನಿ. ಪಿಹೆಚ್ ಒಂದೇ ಗಂಟೆಯಲ್ಲಿ 7.5ಕ್ಕೆ ಏರಿತು, ಸೌಮ್ಯವಾಗಿದ್ದದ್ದು ವಿಷವಾಯಿತು. "ನೀರು ಬದಲಿಸಿದ್ದಕ್ಕೇ ಮೀನು ಸತ್ತಿತು" ಎನ್ನುವ ಮಾತು ಹುಟ್ಟುವುದು ಹೀಗೆ. ಅಂಥ ಟ್ಯಾಂಕಿಗೆ ದಿನಕ್ಕೆ ಶೇ 10ರಷ್ಟು ನೀರು ಮಾತ್ರ ಬದಲಿಸುತ್ತ, ಕಾಳು ನಿಲ್ಲಿಸಿ, ಗಾಳಿ ಹೆಚ್ಚಿಸಿ, ಪಿಹೆಚ್ಚನ್ನು ದಿನಕ್ಕೆ 0.2ರಷ್ಟು ಏರಿಸಿಕೊಂಡು ಬರಬೇಕು. ವಾರ ಹತ್ತು ದಿನದ ಕೆಲಸ.

ಬರುವ ಮೊದಲೇ ತಡೆಯುವುದು ಬಹಳ ಸುಲಭ. ಕಡಲತೀರದ ಕಪ್ಪೆಚಿಪ್ಪನ್ನು ಕುದಿಸಿ, ಒಡೆದು, ಜಾಳಿಗೆ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ನೀರು ಹರಿಯುವಲ್ಲಿ ಇಡಿ. 50 ಲೀಟರಿಗೆ ಒಂದು ಹಿಡಿ, 50ರಿಂದ 100 ಗ್ರಾಂ. ನೀರು ಹುಳಿಯಾದಷ್ಟೂ ಅದು ಬೇಗ ಕರಗುತ್ತದೆ, ಪಿಹೆಚ್ ಏರಿದ ಹಾಗೆ ಕರಗುವುದು ತಾನೇ ಕಡಿಮೆಯಾಗುತ್ತದೆ. ಲೋಳೆ ಕಟ್ಟಿದರೆ ಕೆಲಸ ನಿಲ್ಲುತ್ತದೆ, ತಿಂಗಳಿಗೊಮ್ಮೆ ತೊಳೆದರಾಯಿತು. ಬೇಗ ಬೇಕಿದ್ದರೆ ಅಡಿಗೆ ಸೋಡಾ: 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಹೆಚ್ 1 ಡಿಗ್ರಿ ಏರುತ್ತದೆ. ಹೊಸದಾಗಿ ಹಾಕುವ ನೀರಿನಲ್ಲೇ ಕದಡಿ ಹಾಕಿ, ನೇರ ಟ್ಯಾಂಕಿಗಲ್ಲ. ಎಲೆ ಅಡಿಕೆಯ ಸುಣ್ಣವೂ ಚಿಪ್ಪಿನಿಂದಲೇ ಆದದ್ದು ತಾನೆ ಎಂದು ಅದನ್ನು ಹಾಕೀರಿ ಮತ್ತೆ! ಸುಟ್ಟ ಸುಣ್ಣದ ಪಿಹೆಚ್ 12. ಬೆರಳಂಚಿನಷ್ಟು ಬಿದ್ದರೂ ಮೆದು ನೀರಿನಲ್ಲಿ ಅನಾಹುತ. ಬಗ್ಗಡ ತಿಳಿಯಾಗಲಿ ಎಂದು ಪಟಿಕ ಹಾಕುವುದೂ ಬೇಡ, ಉಳಿದ ಚೂರು ಕಾರ್ಬೊನೇಟನ್ನೂ ಅದು ತಿಂದುಹಾಕುತ್ತದೆ.

ಮೋಟರು ಗುಂಯ್ ಎನ್ನುತ್ತದೆ, ನೀರು ಬರುವುದಿಲ್ಲ

ಇದು ಅತಿ ಸಾಮಾನ್ಯ ದೂರು, ಹೆಚ್ಚಾಗಿ ಕರೆಂಟು ಹೋಗಿ ಬಂದ ಮೇಲೆ. ಸಣ್ಣ ಫಿಲ್ಟರುಗಳ ಮೋಟರಿನಲ್ಲಿ ಬ್ರಷ್ಷು, ಬೇರಿಂಗು ಏನೂ ಇಲ್ಲ. ಎಪಾಕ್ಸಿಯಲ್ಲಿ ಮುಚ್ಚಿದ ಒಂದು ಕಾಯಿಲ್, ಅದರ ಗುಂಡಿಯೊಳಗೆ ತಿರುಗುವ ಅಯಸ್ಕಾಂತ, ಅಯಸ್ಕಾಂತದ ತಲೆಗೆ ಎಲೆಗಳಿರುವ ಚಕ್ರ. ಇದೇ ಇಂಪೆಲ್ಲರ್. ನಮ್ಮ 50 ಹರ್ಟ್ಸ್ ಕರೆಂಟಿಗೆ ನಿಮಿಷಕ್ಕೆ 3000 ಸುತ್ತು. ಓಡುತ್ತಿರುವಾಗ ಸ್ವಲ್ಪ ಲೋಳೆ ಇದ್ದರೂ ಎಳೆದುಕೊಂಡು ಹೋಗುತ್ತದೆ. ನಿಂತಲ್ಲಿಂದ ಹೊರಡಲು ಮಾತ್ರ ಶಕ್ತಿ ಸಾಲದು. ವೋಲ್ಟೇಜು 230ರ ಬದಲು 170–180 ಇದ್ದರಂತೂ ಮುಗಿಯಿತು. ಹೊರಡಲಾರದೆ ನಡುಗುತ್ತ ನಿಲ್ಲುವ ಸದ್ದೇ ಆ ಗುಂಯ್.

ಪ್ಲಗ್ ಕಿತ್ತು, ಮುಂದಿನ ಮುಚ್ಚಳ ತಿರುಗಿಸಿ ತೆಗೆದು, ಇಂಪೆಲ್ಲರನ್ನು ನೇರವಾಗಿ ಮೇಲಕ್ಕೆಳೆಯಿರಿ. ಓರೆಯಾಗಿ ಎಳೆದರೆ ನಡುವಿನ ಸೆರಾಮಿಕ್ ಕಡ್ಡಿ ಬಳಪದ ಹಾಗೆ ಪಟ್ಟೆಂದು ಮುರಿಯುತ್ತದೆ. ಕಡ್ಡಿಯ ಎರಡೂ ತುದಿಗೆ ಕಡಲೆಕಾಳಿಗಿಂತ ಸಣ್ಣ ರಬ್ಬರ್ ಬುಷ್ ಇರುತ್ತವೆ. ಈ ಕೆಲಸವನ್ನು ಸಿಂಕಿನಲ್ಲಿ ಮಾಡಿದರೆ ಅವು ಮೋರಿ ಸೇರುತ್ತವೆ, ಅಗಲದ ಪಾತ್ರೆಯಲ್ಲಿ ಮಾಡಿ. ಅಯಸ್ಕಾಂತಕ್ಕೆ ಹತ್ತಿದ ಲೋಳೆ, ಮರಳು, ಕೂದಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಗುಂಡಿಯ ಒಳಗನ್ನು ಕಿವಿಗೆ ಬಳಸುವ ಹತ್ತಿಕಡ್ಡಿಯಿಂದ ಉಜ್ಜಿ. ಇಲ್ಲಿ ನಲ್ಲಿ ನೀರು ಧಾರಾಳ ಬಳಸಬಹುದು. ಬಸವನಹುಳು ಸಾಕುವವರ ಟ್ಯಾಂಕಿನಲ್ಲಿ ಸಾಸಿವೆ ಗಾತ್ರದ ಮರಿಯೊಂದು ಚಕ್ರದಡಿ ಸಿಕ್ಕಿಕೊಂಡಿರುವುದು ಮಾಮೂಲು.

ಉಜ್ಜಿದ ಮೇಲೆ ಎಲೆಚಕ್ರವನ್ನು ಬೆರಳಿನಲ್ಲಿ ತಿರುಗಿಸಿ ನೋಡಿ. ಬಹಳ ಮಾದರಿಗಳಲ್ಲಿ ಅಯಸ್ಕಾಂತ ಅಲುಗದೆ ಚಕ್ರ ಮಾತ್ರ ಕಾಲು ಅಥವಾ ಅರ್ಧ ಸುತ್ತು ಸಡಿಲವಾಗಿ ಆಡುತ್ತದೆ. ಕೆಟ್ಟಿದೆ ಎಂದು ಫೆವಿಕ್ವಿಕ್ ಹಾಕಿ ಬಿಗಿ ಮಾಡಬೇಡಿ. ನೀರಿನ ಭಾರ ಬೀಳುವ ಮೊದಲು ಅಯಸ್ಕಾಂತ ವೇಗ ಹಿಡಿಯಲಿ ಎಂದೇ ಆ ಸಡಿಲ ಕೊಟ್ಟಿರುವುದು. ಅಯಸ್ಕಾಂತದ ಲೇಪ ಬಿರಿದು ತುಕ್ಕು ಹೊರಟಿದ್ದರೆ ಅದು ಉಬ್ಬಿ ಗುಂಡಿಗೆ ಉಜ್ಜುತ್ತಿರುತ್ತದೆ, ಇಂಪೆಲ್ಲರ್ ಬದಲಿಸಿ. ಗುಂಯ್ ಶಬ್ದವೂ ಇಲ್ಲ, ಬೇರೆ ಸಾಕೆಟ್ಟಿಗೆ ಹಾಕಿದರೂ ಮಿಸುಕದಿದ್ದರೆ ಕಾಯಿಲ್ ಸುಟ್ಟಿದೆ. ಎಪಾಕ್ಸಿ ಒಡೆದು ರಿಪೇರಿ ಮಾಡುವ ಸಾಹಸ ಬೇಡ. ನೀರು ಮುಟ್ಟಿದಾಗ ಜುಂ ಎಂದರೆ ಆ ಕ್ಷಣವೇ ಮೇನ್ ಆರಿಸಿ, ಫಿಲ್ಟರ್ ಕಸಕ್ಕೆ. ಟ್ಯಾಂಕಿನ ಸಾಕೆಟ್ಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಇರಲೇಬೇಕು, ವೈರು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಬೇಕು. ವೈರು ಹಿಡಿದು ಇಳಿಯುವ ನೀರು ಆ ತಗ್ಗಿನಲ್ಲೇ ಹನಿದು ಹೋಗುತ್ತದೆ.

ಮೋಟರು ತಿರುಗುತ್ತದೆ, ನೀರಿನ ರಭಸವಿಲ್ಲ ಎನ್ನುವುದು ಬೇರೆ ದೂರು. ಒಳಗಿನ ಸ್ಪಾಂಜು, ರಿಂಗು ಎಲ್ಲ ಹೊರಗಿಟ್ಟು ಒಂದು ನಿಮಿಷ ಓಡಿಸಿ. ರಭಸ ಬಂದರೆ ತಪ್ಪು ಸ್ಪಾಂಜಿನದು. ಬರದಿದ್ದರೆ ನೀರೆಳೆಯುವ ಜಾಲರಿ, ಪೈಪಿನೊಳಗಿನ ಲೋಳೆ, ಕೊನೆಗೆ ಇಂಪೆಲ್ಲರ್. ಗರಗರ ಶಬ್ದ ಹತ್ತು ನಿಮಿಷದಲ್ಲಿ ನಿಂತರೆ ಸಿಕ್ಕಿಕೊಂಡಿದ್ದ ಗಾಳಿ, ನಿಲ್ಲದಿದ್ದರೆ ಕಳೆದುಹೋದ ಬುಷ್ ಅಥವಾ ಸವೆದ ಕಡ್ಡಿ. ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರು, ಅಂದರೆ ಕ್ಯಾನಿಸ್ಟರ್, ಅದರ ತಳದಲ್ಲಿ ನೀರು ಜಿನುಗಿದರೆ ಮುಚ್ಚಳದ ರಬ್ಬರ್ ಬಳೆ (ಓ-ರಿಂಗ್) ಒರೆಸಿ ಸಿಲಿಕಾನ್ ಗ್ರೀಸ್ ಹಚ್ಚಿ. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆ, ವ್ಯಾಸಲೀನ್ ಬಳಿದರೆ ರಬ್ಬರು ಉಬ್ಬಿ ಮುಂದಿನ ತಿಂಗಳು ಇನ್ನೂ ಜೋರಾಗಿ ಸೋರೀತು.

ಕರೆಂಟು ಹೋದಾಗ

ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿರುವುದು ತೀರ್ಥಹಳ್ಳಿ, ಹೊಸನಗರದ ಕಡೆ ಯಾರಿಗೂ ಹೊಸದಲ್ಲ. ಫಿಲ್ಟರ್ ನಿಂತರೆ ಮೊದಲು ಉಸಿರುಗಟ್ಟುವುದು ಮೀನಲ್ಲ, ಮುಚ್ಚಿದ ಡಬ್ಬಿಯೊಳಗಿನ ಬ್ಯಾಕ್ಟೀರಿಯಾ. ಕ್ಯಾನಿಸ್ಟರಿನಲ್ಲಿ ನಿಂತ ನೀರಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಖಾಲಿ. ಒಂದೆರಡು ಗಂಟೆಯ ಕಡಿತಕ್ಕೆ ಏನೂ ಮಾಡಬೇಕಿಲ್ಲ. ನಾಲ್ಕು ಗಂಟೆ ದಾಟಿತೆಂದರೆ ಪ್ಲಗ್ ಕೀಳಿ, ಡಬ್ಬಿ ತೆರೆದು ರಿಂಗು, ಸ್ಪಾಂಜುಗಳನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಟ್ಯಾಂಕಿನ ನೀರನ್ನು ಆಗಾಗ ಚಿಮುಕಿಸಿ. ಒದ್ದೆಯಾಗಿದ್ದು ಗಾಳಿ ತಾಗುತ್ತಿದ್ದರೆ ದಿನವಿಡೀ ಬದುಕುತ್ತವೆ. ಹಾಗೇ ಬಿಟ್ಟು, ಕರೆಂಟು ಬಂದಾಗ ತಾನಾಗಿ ಓಡಲು ಬಿಟ್ಟರೆ ಒಳಗೆ ಕೊಳೆತ, ಕೊಳೆತ ಮೊಟ್ಟೆಯ ವಾಸನೆಯ ನೀರು ನೇರ ಮೀನಿನ ಮೇಲೆ ಬೀಳುತ್ತದೆ. ಆ ಡಬ್ಬಿ ನೀರನ್ನು ಚೆಲ್ಲಿಯೇ ಮತ್ತೆ ಹಾಕಬೇಕು.

ಮೀನಿಗೆ ಕಾಳು ನಿಲ್ಲಿಸಿ. ದೊಡ್ಡ ಮೀನು ಎರಡು ಮೂರು ದಿನ ಉಪವಾಸವಿದ್ದರೆ ಏನೂ ಆಗದು. ಗಂಟೆಗೊಮ್ಮೆ ಚೊಂಬಿನಲ್ಲಿ ನೀರೆತ್ತಿ ಒಂದಡಿ ಮೇಲಿನಿಂದ ಹತ್ತಿಪ್ಪತ್ತು ಸಲ ಸುರಿದರೆ ಸಾಕಷ್ಟು ಗಾಳಿ ಸೇರುತ್ತದೆ. ರಾತ್ರಿಗೆ ಯುಎಸ್‌ಬಿಯಲ್ಲಿ ಓಡುವ ಪುಟ್ಟ ಏರ್ ಪಂಪು ಇದ್ದರೆ ಒಳ್ಳೆಯದು; 1 ವ್ಯಾಟಿನ ಪಂಪನ್ನು 10,000 ಎಂಎಹೆಚ್ ಪವರ್‌ಬ್ಯಾಂಕ್ ಒಂದು ದಿನದಷ್ಟು ಎಳೆಯುತ್ತದೆ. ಕೆಲವು ಪವರ್‌ಬ್ಯಾಂಕುಗಳು ಇಷ್ಟು ಕಡಿಮೆ ಕರೆಂಟನ್ನು ಲೆಕ್ಕಕ್ಕೇ ಹಿಡಿಯದೆ ತಾವೇ ಆರಿಬಿಡುತ್ತವೆ, ಮಳೆಗಾಲಕ್ಕೆ ಮೊದಲೇ ಒಂದು ರಾತ್ರಿ ಪರೀಕ್ಷಿಸಿ. ಇನ್ವರ್ಟರ್ ಇರುವ ಮನೆಯಲ್ಲಿ 3–5 ವ್ಯಾಟಿನ ಏರ್ ಪಂಪು ಮತ್ತು ಅದರ ಗಾಳಿಯಿಂದಲೇ ಕೆಲಸ ಮಾಡುವ ಸ್ಪಾಂಜ್ ಫಿಲ್ಟರನ್ನು ಇನ್ವರ್ಟರ್ ಲೈನಿಗೆ ಕೊಟ್ಟು, ದೊಡ್ಡ ಫಿಲ್ಟರನ್ನು ಮಾಮೂಲು ಲೈನಿನಲ್ಲೇ ಬಿಡುವುದು ಜಾಣತನ. ಪದೇ ಪದೇ ಕರೆಂಟು ಹೋಗುವ ಊರಿಗೆ ಅಷ್ಟೇನೂ ಚಂದವಿಲ್ಲದ ಆ ಸ್ಪಾಂಜ್ ಫಿಲ್ಟರೇ ಎಲ್ಲಕ್ಕಿಂತ ನಂಬಿಕಸ್ಥ: ಟ್ಯಾಂಕಿನ ನೀರಿನಲ್ಲೇ ಇರುತ್ತದೆ, ಒಳಗೆ ತಿರುಗುವ ಭಾಗವಿಲ್ಲ.

ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಕೊಳವೆಗೆ ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಬಂದು ಪಂಪನ್ನೂ ನೆಲವನ್ನೂ ಒದ್ದೆ ಮಾಡುತ್ತದೆ. ಟ್ಯಾಂಕಿನ ಅಂಚಿಗೆ ನೇತುಹಾಕುವ ಫಿಲ್ಟರಿನದ್ದು ಇನ್ನೊಂದು ರಗಳೆ. ನಿಂತಾಗ ಅದರ ಪೈಪಿನ ನೀರು ಇಳಿದುಹೋಗಿ, ಮತ್ತೆ ಹೊರಟಾಗ ಒಣಗಿ ಓಡುತ್ತದೆ. ಇಂಪೆಲ್ಲರಿಗೆ ನೀರೇ ಎಣ್ಣೆ. ಒಣಗಿ ಓಡಿದರೆ ಬೇಗ ಕೆಡುತ್ತದೆ. ಟ್ಯಾಂಕಿನ ನೀರನ್ನು ಫಿಲ್ಟರಿನ ಬಾಯಿಗಿಂತ ಎರಡು ಮೂರು ಸೆಂಟಿಮೀಟರಷ್ಟೇ ಕೆಳಗೆ ನಿಲ್ಲಿಸಿದರೆ ಈ ತೊಂದರೆ ಕಡಿಮೆ.

ಮಳೆಗಾಲದ ನೀರು, ತೋಟದ ನೀರು

ಆರಿದ್ರಾ ಮಳೆ ಹಿಡಿದರೆ ತುಂಗೆ ಕೆಂಪಗೆ ಹರಿಯುತ್ತಾಳೆ. ಆ ನೀರನ್ನೇ ಶುದ್ಧ ಮಾಡಿ ಕುಡಿಯುವ ಶಿವಮೊಗ್ಗದಂತಹ ಊರಲ್ಲಿ ಈ ತಿಂಗಳುಗಳಲ್ಲಿ ನಲ್ಲಿ ನೀರಿನ ಕ್ಲೋರಿನ್ ವಾಸನೆ ಹೆಚ್ಚಿದರೆ ಆಶ್ಚರ್ಯವಿಲ್ಲ. ಬದಲಿಸುವ ನೀರನ್ನು ಡ್ರಮ್ಮಿನಲ್ಲಿ ತುಂಬಿ, ಏರ್ ಪಂಪಿನ ಕೊಳವೆ ಇಳಿಬಿಟ್ಟು, ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರುತ್ತದೆ, ಬಗ್ಗಡವೂ ತಳಕ್ಕಿಳಿಯುತ್ತದೆ. ಅವಸರವಿದ್ದರೆ ಅಂಗಡಿಯ ಆಂಟಿಕ್ಲೋರಿನ್, ಅಂದರೆ ಸೋಡಿಯಂ ಥಯೋಸಲ್ಫೇಟ್, ಬಾಟಲಿಯ ಮೇಲಿನ ಅಳತೆಗೆ. ಜೇಡಿಮಣ್ಣಿನ ಸಣ್ಣ ಕಣ ಸ್ಪಾಂಜಿನಲ್ಲಿ ನಿಲ್ಲುವುದಿಲ್ಲ, ದಪ್ಪ ಫ್ಲಾಸ್ ಬೇಕು. ಮಳೆಗಾಲದಲ್ಲಿ ಅದನ್ನು ವಾರಕ್ಕೇ ಬದಲಿಸಿ.

ಕೆಲವು ಮನೆಗಳ ಬೋರು, ಬಾವಿ ನೀರು ತೆಗೆದಾಗ ತಿಳಿಯಾಗಿದ್ದು, ಬಕೆಟ್ಟಿನಲ್ಲಿಟ್ಟ ಕೆಲ ಹೊತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಮೇಲೆ ಎಣ್ಣೆಯಂಥ ಕೆನೆ ಕಟ್ಟುತ್ತದೆ. ಅದು ಕಬ್ಬಿಣದ ಅಂಶ. ಗಾಳಿ ತಾಗಿ ಗಟ್ಟಿಯಾಗುವ ಈ ತುಕ್ಕು ಟ್ಯಾಂಕಿನಲ್ಲಾದರೆ ಸ್ಪಾಂಜು, ಪೈಪು, ಇಂಪೆಲ್ಲರ್ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಡ್ರಮ್ಮಿನಲ್ಲೇ ಗಾಳಿಯಾಡಿಸಿ, ಒಂದು ರಾತ್ರಿ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಿ.

ಅಡಿಕೆ ತೋಟದವರು ಕಿವಿಗೊಡಬೇಕಾದ ಮಾತು ಇನ್ನೊಂದಿದೆ. ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೊ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ ಇರುತ್ತದೆ. ಮೈಲುತುತ್ತದ ತಾಮ್ರ ಮೀನಿಗೆ, ಸೀಗಡಿ ಬಸವನಹುಳುವಿಗಂತೂ ಮೊದಲೇ, ವಿಷ. ನೀರು ಮೆದುವಾದಷ್ಟೂ ಅದರ ವಿಷ ಜೋರು, ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಅದು ಆಗದು. ಔಷಧಿ ಕಲಸಿದ ಡ್ರಮ್ಮು ಎಷ್ಟು ತೊಳೆದರೂ ಟ್ಯಾಂಕಿನ ನೀರಿಗೆ ಬೇಡ. ಔಷಧಿ ಹೊಡೆದ ವಾರಗಳಲ್ಲಿ ತೋಟದ ನಡುವಿನ ಬಾವಿ, ಹಳ್ಳ, ಮನೆಯ ಮಾಡಿನಿಂದ ಹಿಡಿದ ನೀರನ್ನೂ ಬಳಸಬೇಡಿ. ಆ ದಿನಗಳಿಗೆ ಬೇಕಾಗುವಷ್ಟನ್ನು ಮೊದಲೇ ತುಂಬಿಟ್ಟುಕೊಂಡರೆ ಕ್ಷೇಮ.

ನೀರಿನ ಬಣ್ಣ ನೋಡಿ ಫಿಲ್ಟರಿನ ಮೇಲೆ ಗೂಬೆ ಕೂರಿಸುವುದೂ ಇದೆ. ಹಸಿರು ನೀರು ಪಾಚಿಯದ್ದು, ಯಾವ ಸ್ಪಾಂಜೂ ಅದನ್ನು ಹಿಡಿಯದು. ಬೆಳಕನ್ನು ಆರು ಗಂಟೆಗೆ ಇಳಿಸಿ, ಕಿಟಕಿ ಬಿಸಿಲು ತಪ್ಪಿಸಿ. ಚಹಾ ಬಣ್ಣದ ತಿಳಿ ನೀರು ಒಳಗಿಟ್ಟ ಮರದ ತುಂಡಿನದ್ದು, ನಿರುಪದ್ರವಿ. ಬಿಳಿ ಮಬ್ಬು ಕಂಡರೆ ಮಾತ್ರ ಅಮೋನಿಯಾ, ನೈಟ್ರೈಟ್ ಎರಡನ್ನೂ ಅಳೆಯಿರಿ. ಎರಡೂ ಸೊನ್ನೆ ಇರಬೇಕು. ನೈಟ್ರೈಟ್ ಕಂಡರೆ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕುವುದರಿಂದ ಅದು ಕಿವಿರಿನಲ್ಲಿ ಒಳಹೋಗುವುದು ಕಡಿಮೆಯಾಗುತ್ತದೆ. ಜೊತೆಗೆ ದಿನಾ ಕಾಲುಭಾಗ ನೀರು ಬದಲಾವಣೆ. ಪಿಹೆಚ್ ಮೊದಲೇ 6ಕ್ಕೆ ಇಳಿದಿದ್ದ ಟ್ಯಾಂಕಾದರೆ ಮೇಲೆ ಹೇಳಿದ ನಿಧಾನದ ದಾರಿಯೇ ಸರಿ.

ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೀಟರಿಲ್ಲದ ಟ್ಯಾಂಕು 20 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬ್ಯಾಕ್ಟೀರಿಯಾ, ಮೀನು ಎರಡೂ ಮಂದ. ಕಾಳನ್ನು ಅರ್ಧಕ್ಕಿಳಿಸಿ, ಅಬ್ಬಿ ನೀರಿನವರು ಬದಲಿಸುವ ನೀರನ್ನು ಮನೆಯೊಳಗೆ ಒಂದು ರಾತ್ರಿ ಇಟ್ಟು ಹಾಕಿ.

ಮೇ ತಿಂಗಳ ಕೊನೆಗೆ ಒಂದು ಡಬ್ಬಿಯಲ್ಲಿ ಇಷ್ಟನ್ನು ಎತ್ತಿಡಿ: ಒಂದು ಇಂಪೆಲ್ಲರ್, ಎರಡು ಬುಷ್, ಒಂದು ಮೀಟರ್ ಏರ್ ಕೊಳವೆ, ಎರಡು ಚೆಕ್ ವಾಲ್ವ್, ಫ್ಲಾಸ್, ಅಮೋನಿಯಾ ಮತ್ತು ಕೆಹೆಚ್ ಅಳೆಯುವ ಹನಿ, ಏರ್ ಪಂಪಿನ ರಬ್ಬರ್ ಡಯಾಫ್ರಂ. ಪಂಪಿನ ತಳದ ಫೆಲ್ಟ್ ತುಂಡಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದು ಗಾಳಿ ಎಳೆಯುವುದು ನಿಲ್ಲುತ್ತದೆ, ಅದನ್ನೂ ಒಂದು ಕತ್ತರಿಸಿ ಸೇರಿಸಿ. ಇಂಪೆಲ್ಲರ್ ಕೊಳ್ಳಲು ಹೋಗುವಾಗ ಫಿಲ್ಟರಿನ ಹೆಸರು ಹೇಳಿ ಪ್ರಯೋಜನವಿಲ್ಲ. ಒಂದೇ ಹೆಸರಿನಲ್ಲಿ ಮೂರು ಅಳತೆ ಬಂದಿರುತ್ತವೆ. ಹಳೆಯದನ್ನು ಜೇಬಿಗೆ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಪಕ್ಕಪಕ್ಕ ಇಟ್ಟು ಅಯಸ್ಕಾಂತದ ಉದ್ದ, ದಪ್ಪ, ಕಡ್ಡಿಯ ತೂತು ಮೂರೂ ಒಂದೇ ಇವೆಯೇ ನೋಡಿ ತನ್ನಿ.